ಮೂರನೆಯವನಿಗೆ ಒಂದೇಟು, ನಾಲ್ಕನೆಯವನಿಗೆ ಎರಡು

ಇನ್ನೂರು ವರ್ಷದ ಹಿಂದೆ ನಮ್ಮ ಕಡೆಯ ಹುಡುಗರು ಬೆಳಗಿನ ಆರು ಗಂಟೆಗೆಲ್ಲ ಶಾಲೆಯಲ್ಲಿರಬೇಕಿತ್ತು. ಮೊದಲು ಬಂದವನ ಅಂಗೈ ಮೇಲೆ 'ಸರಸ್ವತಿ' ಅಂತ ಬರೀತಿದ್ರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ. ಅಂದ್ರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದೇಟು. ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು.

ಇದು ನಾನು ಕಟ್ಟಿದ ಕತೆ ಅಲ್ಲ. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ, ಊರೂರಿನ ಶಾಲೆಗಳ ಲೆಕ್ಕ ಕೊಡಿ ಅಂತ ಎಲ್ಲ ಕಲೆಕ್ಟರುಗಳನ್ನೂ ಕೇಳಿದ್ದ. ಆಗ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ರೆವಿನ್ಯೂ ಬೋರ್ಡಿಗೆ ಕಳಿಸಿದ ವರದಿಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಧರಂಪಾಲ್ ಅವರು 1983ರಲ್ಲಿ ತಂದ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ವರದಿ ಪೂರ್ತಿ ಸಿಗುತ್ತೆ. ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಆಗ ಅವನ ಕೈಕೆಳಗೇ ಇದ್ದವು. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ. ಅದು ಮದರಾಸಿಗೆ ಸೇರಿದ್ದು 1949ರಲ್ಲಿ. ಹಾಗಾಗಿ ಅಲ್ಲಿಯ ಮಕ್ಕಳು ಆ ಲೆಕ್ಕದೊಳಗಿಲ್ಲ.

ಕ್ಯಾಂಬೆಲ್ಲನ ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡದ್ದು 235, ತೆಲುಗಿನದು 226, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು. ಇಂಗ್ಲಿಷ್ ಶಾಲೆ ಇಡೀ ಜಿಲ್ಲೆಗೆ ಒಂದೇ ಒಂದು! ಓದುವ ಮಕ್ಕಳು 6,641. ಇಷ್ಟರಲ್ಲಿ ಹುಡುಗಿಯರು ಬರೀ 60.

ಈಗ ಒಂದು ಸಣ್ಣ ಗಣಿತ ಮಾಡೋಣ. 6,641 ಮಕ್ಕಳನ್ನು 533 ಶಾಲೆಗೆ ಹಂಚಿದರೆ ಒಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಮೂರನೆಯವನಿಗೆ ಒಂದು, ನಾಲ್ಕನೆಯವನಿಗೆ ಎರಡು ಅಂತ ಎಣಿಸ್ತಾ ಹೋದರೆ ಹನ್ನೆರಡನೆಯವನಿಗೆ ಹತ್ತು ಏಟು. ಎಲ್ಲ ಕೂಡಿಸಿದರೆ ದಿನಕ್ಕೆ ಐವತ್ತೈದು. ಬೆಳಗಾಗೆದ್ದು, ಪಾಠ ಶುರುವಾಗೋಕೂ ಮುಂಚೆ!

ತಮಾಷೆ ಏನಂದ್ರೆ, ನಾಳೆಯಿಂದ ಎಲ್ಲರೂ ಬೇಗ ಬರ್ತೀವಿ ಅಂತ ಹನ್ನೆರಡೂ ಹುಡುಗರು ಆಣೆ ಮಾಡಿ ನಾಲ್ಕೂವರೆಗೇ ಬಂದು ನಿಂತರೂ ಈ ಐವತ್ತೈದರಲ್ಲಿ ಒಂದು ಏಟೂ ಕಮ್ಮಿ ಆಗೋದಿಲ್ಲ. ಯಾಕಂದ್ರೆ ಏಟು ತಡವಾಗಿದ್ದಕ್ಕಲ್ಲ, ಬೇರೆಯವರಿಗಿಂತ ಹಿಂದೆ ಬಿದ್ದದ್ದಕ್ಕೆ. ಸಾಲು ಅಂದಮೇಲೆ ಯಾರಾದರೂ ಒಬ್ಬ ಕೊನೆಯವನು ಇರಲೇಬೇಕಲ್ಲ. ಮಕ್ಕಳು ಎಷ್ಟೇ ಒಳ್ಳೆಯವರಾದರೂ ಪಾಲಿಸೋಕಾಗದ ನಿಯಮ ಅದು. ಇದನ್ನು ಓದಿದ ಮೇಲೆ ಶಾಲೆಯ ಶಿಸ್ತಿನ ವಿಷಯ ಯಾರೇ ಎತ್ತಲಿ, ನನಗೆ ಆ ಹನ್ನೆರಡನೆಯ ಹುಡುಗನೇ ನೆನಪಾಗ್ತಾನೆ.

ಕ್ಯಾಂಬೆಲ್ ಬೇರೆ ಶಿಕ್ಷೆಗಳನ್ನೂ ಬರೆದಿದ್ದಾನೆ. ಸೋಮಾರಿ ಹುಡುಗನಿಗೆ ಚಡಿ ಏಟು. ಎರಡೂ ಕೈ ಕಟ್ಟಿ, ರಾಟೆ ಹಾಕಿ ಮಾಡಿಗೆ ನೇತುಹಾಕೋದು. ನಮ್ಮಜ್ಜಂದಿರ ಬಾಯಲ್ಲಿ 'ಕೋದಂಡ ಹಾಕಿಸೋದು' ಅಂತ ಕೇಳಿದ್ದೇವಲ್ಲ, ಅದೇ. ಇನ್ನೊಂದು, ಬಿಡದೆ ಕೂತು ಏಳಿಸೋದು. ಇದು ತುಂಬ ನೋವಿನ, ಸುಸ್ತಿನ ಶಿಕ್ಷೆ, ಆದರೆ ಆರೋಗ್ಯಕ್ಕೆ ಒಳ್ಳೆಯದಿರಬಹುದು ಅಂತ ಸಾಹೇಬರ ಅಭಿಪ್ರಾಯ. ಬಸ್ಕಿ ಹೊಡೆದ ನಮ್ಮ ಮೊಣಕಾಲುಗಳನ್ನು ಕೇಳಬೇಕಿತ್ತು :)

ಅದೇ ವರದಿಯಲ್ಲಿ ಮೆಚ್ಚುಗೆಯೂ ಇದೆ ಅನ್ನೋದನ್ನ ಹೇಳಲೇಬೇಕು. ಮರಳ ಮೇಲೆ ಬರೆಸಿ ಕಡಿಮೆ ಖರ್ಚಿನಲ್ಲಿ ಕಲಿಸೋದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡೋದು, ಇವನ್ನು ಅವನು ಹೊಗಳುತ್ತಾನೆ. ದೊಡ್ಡವರು ಚಿಕ್ಕವರಿಗೆ ಕಲಿಸುವ ಈ ಪದ್ಧತಿ ಇಂಗ್ಲೆಂಡಿಗೂ ಹೋಗಿತ್ತು. ನಮ್ಮ ಹಳೆಯ ಶಾಲೆಗಳನ್ನು ಹೊಗಳುವವರು ಈ ಭಾಗವನ್ನು ಎತ್ತಿ ತೋರಿಸ್ತಾರೆ, ರಾಟೆಯನ್ನು ಬಿಟ್ಟುಬಿಡ್ತಾರೆ. ತೆಗಳುವವರು ರಾಟೆ ಹಿಡಿದುಕೊಂಡು ಮರಳನ್ನು ಬಿಡ್ತಾರೆ. ಎರಡೂ ಒಂದೇ ಕೋಣೆಯಲ್ಲಿದ್ದವು.

ಇರ್ಲಿ, ಈಚೆಗೆ ಬರೋಣ.

ನಾನು ಏಳನೇ ಕ್ಲಾಸು ಓದಿದ್ದು ಹೊಸಪೇಟೆಯಲ್ಲಿ, 2004-05ರಲ್ಲಿ. ಶಾಲೆಯ ಹೆಸರು ಬೇಡ. ಯಾಕಂದ್ರೆ ಅದು ಎಲ್ಲ ಶಾಲೆಗಳ ಹಾಗೇ ಇತ್ತು. ಪ್ರೇಯರ್ ಬೆಲ್ ಆದ ಮೇಲೆ ಬಂದವರು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಬೇಕು. ನಾಡಗೀತೆ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ಬರ್ತಿದ್ರು. ಅಂಗೈ ಚಾಚಿದರೆ ಒಂದೇಟು. ಹಿಂದಕ್ಕೆ ಎಳೆದುಕೊಂಡರೆ ಎರಡು. ಚಳಿಗಾಲದಲ್ಲಿ ಬೆರಳೈದೂ ಗುಬ್ಬಿ ಕೊಕ್ಕಿನ ಹಾಗೆ ಕೂಡಿಸಿ ಹಿಡಿಯಬೇಕಿತ್ತು. ಆ ತುದಿಗೆ ಬಿದ್ದ ಸ್ಕೇಲಿನ ಪೆಟ್ಟು ಗೊತ್ತಿದ್ದವರಿಗೆ ಗೊತ್ತು.

ಆ ಮರದ ಕೆಳಗೆ ದಿನಾ ನಿಲ್ಲೋರು ಹೆಚ್ಚು ಕಮ್ಮಿ ಅವರೇ. ಅದರಲ್ಲೊಬ್ಬ ಸಂಡೂರು ರಸ್ತೆಯ ತಾಂಡಾದಿಂದ ಬರುತ್ತಿದ್ದ ನನ್ನ ಕ್ಲಾಸ್‌ಮೇಟು. ಲೆಕ್ಕದಲ್ಲಿ ನಮಗೆಲ್ಲ ಗುರು. ಆಗ ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಸಂಡೂರು, ಹೊಸಪೇಟೆ ರಸ್ತೆ ತುಂಬ ಅದಿರಿನ ಲಾರಿ. ಬಸ್ಸು ಆ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮುಗೀತು, ಬಂದಾಗ ಬಂತು. ಅವನ ಬಿಳಿ ಅಂಗಿ ಯಾವತ್ತೂ ಕೆಂಪಗೇ ಇರ್ತಿತ್ತು. ಅದಕ್ಕೆ ಬೇರೆ ಏಟು, ಯೂನಿಫಾರಂ ಒಗೆದಿಲ್ಲ ಅಂತ. ಊರಿನ ಗಿಡಮರಗಳೇ ಕೆಂಪಾಗಿದ್ದ ಕಾಲದಲ್ಲಿ ಅಂಗಿ ಬೆಳ್ಳಗಿರಬೇಕಿತ್ತು ನೋಡಿ.

ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಹಾಜರಿ ಕೂಗುವಾಗ ಒಂದು ವಾರ ಅವನ ಹೆಸರಿಗೆ ಯಾರೂ 'ಎಸ್ ಸಾರ್' ಅನ್ನಲಿಲ್ಲ. ಆಮೇಲೆ ಆ ಹೆಸರು ಕೂಗೋದೂ ನಿಂತಿತು. ಮುಂದೊಂದು ದಿನ ನಮ್ಮಪ್ಪನ ಜೊತೆ ಸ್ಕೂಟರಿನಲ್ಲಿ ಹೋಗುವಾಗ ರಸ್ತೆ ಪಕ್ಕ ಅದಿರು ಸುರಿದುಕೊಂಡು ಜರಡಿ ಹಿಡಿಯುವ ಜಾಗದಲ್ಲಿ ಅವನು ಕಂಡ. ಅವರಮ್ಮನೂ ಅಲ್ಲೇ ಇದ್ದಳು. ಶಾಲೆಗೆ ಯಾಕ್ ಬರ್ತಿಲ್ಲೋ ಅಂತ ಕೇಳಿದೆ. ಅವನು ನಕ್ಕು ಹೇಳಿದ್ದು ಇಷ್ಟೇ:

"ಇಲ್ಲಿ ತಡ ಆದ್ರ ಕೂಲಿ ಹಿಡೀತಾರ. ಹೊಡಿಯಂಗಿಲ್ಲ."

ಏಟಿಗೇ ಹೆದರಿ ಶಾಲೆ ಬಿಟ್ಟ ಅಂತ ನಾನು ಹೇಳೋದಿಲ್ಲ. ಮನೆಯಲ್ಲಿ ಸಾಲ ಇತ್ತು, ಕೂಲಿಗೆ ಕೈ ಬೇಕಿತ್ತು, ಅದಿರಿನ ದುಡ್ಡು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಆದರೆ ಶಾಲೆ ಒಂದು ಕಡೆ, ಜರಡಿ ಒಂದು ಕಡೆ ಎಳೆಯುವಾಗ ಶಾಲೆ ಅವನ ಕೈ ಹಿಡಿದು ಎಳೆಯಲಿಲ್ಲ. ಆ ಕೈಗೆ ಹೊಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅವನಿಗೆ ಇಪ್ಪತ್ತರ ಹತ್ತಿರ. ಏಳನೇ ಕ್ಲಾಸನ್ನೂ ಮುಗಿಸದವನ ಪಾಡು ಆಗ ಏನಾಗಿರಬಹುದು ನೀವೇ ಯೋಚಿಸಿ.

ತಡವಾಗಿ ಬರುವ ಮಕ್ಕಳು ಯಾರು ಅಂತ ನಮ್ಮ ಕಡೆ ಒಂದು ಸುತ್ತು ಹಾಕಿ ನೋಡಿದರೆ ಗೊತ್ತಾಗುತ್ತೆ. ಹಂಪಿಯಲ್ಲಿ ಸೀಸನ್ನು ಅಂದ್ರೆ ಚಳಿಗಾಲ. ಬೆಳಿಗ್ಗೆ ಗುಡಿ ಹತ್ತಿರ ಅಮ್ಮನ ಇಡ್ಲಿ, ಮಿರ್ಚಿ ಅಂಗಡಿಗೆ ನೀರು ತಂದುಕೊಟ್ಟು, ಬಾಳೆಹಣ್ಣಿನ ಬುಟ್ಟಿ ಇಳಿಸಿ ಆಮೇಲೆ ಶಾಲೆಗೆ ಓಡುವ ಹುಡುಗ. ಕಂಪ್ಲಿ ಕಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ. ಅವ್ವ ಬೆಳಕು ಹರಿಯೋಕೂ ಮುಂಚೆ ಗದ್ದೆಗೆ ಹೋದರೆ ತಮ್ಮನನ್ನು ಎತ್ತಿಕೊಂಡು ಕೂರೋಳು ಆರನೇ ಕ್ಲಾಸಿನ ಹುಡುಗಿ. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆಯೇ ಮುಳುಗುತ್ತೆ. ಆಗ ಆಚೆ ದಂಡೆಯವರು ಬೇಗ ಬರೋದಿರಲಿ, ಬರೋದೇ ಇಲ್ಲ. ಹೊಸಪೇಟೆಯ ಓಣಿಗಳಲ್ಲಿ ನಲ್ಲಿ ನೀರು ಬರುವ ಹೊತ್ತಿಗೆ ಕೊಡ ಹಿಡಿದು ನಿಂತವರಲ್ಲಿ ಎಷ್ಟು ಹೆಣ್ಣುಮಕ್ಕಳು ಯೂನಿಫಾರಂ ಹಾಕಿಕೊಂಡಿರ್ತಾರೆ ಅಂತ ಒಮ್ಮೆ ನೋಡಿ. ಹಾಸಿಗೆಯಲ್ಲಿ ಹೊರಳಾಡಿ ತಡ ಮಾಡುವ ಹುಡುಗರು ಇಲ್ಲ ಅಂತಲ್ಲ, ಇದ್ದಾರೆ. ಆದರೆ ಬೇವಿನ ಮರದ ಕೆಳಗೆ ನಿಂತ ಸಾಲು ನೋಡಿದರೆ ಯಾರು ಹೊರಳಾಡಿ ಬಂದವರು, ಯಾರು ಕೊಡ ಹೊತ್ತು ಬಂದವರು ಅಂತ ಗೊತ್ತಾಗೋದಿಲ್ಲ. ಬೆತ್ತಕ್ಕೆ ಅದನ್ನು ಕೇಳುವ ವ್ಯವಧಾನವೂ ಇರೋದಿಲ್ಲ.

ಈಗ ಕಾನೂನಿನ ವಿಷಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಶಾಲೆಯಲ್ಲಿ ದೈಹಿಕ ಶಿಕ್ಷೆ ಕೂಡದು ಅಂತ ಹೇಳಿತ್ತು. ಇಂಗ್ಲೆಂಡಿನವರೂ ತಮ್ಮ ಸರ್ಕಾರಿ ಶಾಲೆಗಳ ಬೆತ್ತ ನಿಲ್ಲಿಸುವ ಕಾನೂನು ತಂದದ್ದು ಅದೇ 1986ರಲ್ಲಿ! ಅಂದ್ರೆ ನನಗೆ ಏಟು ಬೀಳುವ ಹೊತ್ತಿಗೆ ನಮ್ಮ ಸರ್ಕಾರದ ನೀತಿ ಅದನ್ನು ಬೇಡ ಅಂದು ಹದಿನೆಂಟು ವರ್ಷ ಆಗಿತ್ತು. ನೀತಿ ದಿಲ್ಲಿಯಲ್ಲಿತ್ತು, ಬೆತ್ತ ಹೊಸಪೇಟೆಯಲ್ಲಿತ್ತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಕೊಟ್ಟವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ. 16ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಆಗಿ, ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲಾದವರನ್ನು ಅಲ್ಲೇ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಸಿಕ್ಕಿತು. ಆದರೆ ಎಂಟನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಅನ್ನೋದು ಹಾಗೇ ಇದೆ. ಮಾತೆತ್ತಿದರೆ "ಟಿಸಿ ಕೊಟ್ಟು ಕಳಸ್ತೀನಿ" ಅನ್ನೋ ಬೆದರಿಕೆಗೆ ಕಾನೂನಿನ ಬಲ ಇಲ್ಲ.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೊಂದು ವಿಷಯ. ಸಮಯಕ್ಕೆ ಸರಿಯಾಗಿ ಶಾಲೆಗೆ ಬರಬೇಕು ಅನ್ನೋ ಮಾತು ಅದರಲ್ಲಿದೆ, 24ನೇ ಸೆಕ್ಷನ್ನಿನಲ್ಲಿ. ಆದರೆ ಅದು ಮಕ್ಕಳಿಗೆ ಹೇಳಿದ್ದಲ್ಲ, ಮೇಷ್ಟ್ರಿಗೆ ಹೇಳಿದ್ದು! ಮಗು ಶಾಲೆಗೆ ಬರುವ ಹಾಗೆ, ಬಂದು ಓದು ಮುಗಿಸುವ ಹಾಗೆ ನೋಡಿಕೊಳ್ಳೋದು ಸರ್ಕಾರದ ಹೊಣೆ. ಮಗುವಿನ ತಲೆ ಮೇಲೆ ಕಾಯ್ದೆ ಯಾವ ಕರ್ತವ್ಯವನ್ನೂ ಹೊರಿಸಿಲ್ಲ.

ಇದನ್ನು ನಮ್ಮ ಸೋದರಮಾವನಿಗೆ ಹೇಳಿದೆ. ಕಂಪ್ಲಿ ಸುತ್ತಮುತ್ತಲ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿ ರಿಟೈರ್ ಆದವರು. ಸುಮ್ನೆ ಕೇಳಿಸಿಕೊಂಡು ಅಂದ್ರು:

"ಕಾನೂನು ಮಾಡಿದೋರು ಬೆತ್ತ ಕಸಗಂಡ್ರು. ಸರಿ, ಬಿಡು. ಅದರ ಬದಲಿ ಕೈಗೆ ಏನ್ ಕೊಟ್ರು ಹೇಳಪ? ಎರಡು ಕ್ಲಾಸು ಕೂಡಿಸಿ ಒಬ್ಬನ ಕೈಗೆ ಕೊಡ್ತಾರ. ಅದರಾಗ ಬಿಸಿಯೂಟದ ಲೆಕ್ಕ, ಜನಗಣತಿ, ಎಲೆಕ್ಷನ್ ಡ್ಯೂಟಿ. ಇನ್ನ ಹುಡುಗರ ಅಪ್ಪಗೋಳು ಬಂದು ಏನಂತಾರ ಗೊತ್ತೈತೇನು? ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಡೀರಿ ಸರ, ನಾವು ಕೇಳಂಗಿಲ್ಲ ಅಂತಾರ."

"ಮತ್ತ ನೀವೇನ್ ಮಾಡಿದ್ರಿ ಮಾವ?"

"ಮೊದಮೊದಲು ನಾನೂ ಬಡದೀನಿ. ಆಮ್ಯಾಲ ಒಂದು ನೋಟ್‌ಬುಕ್ ಇಟ್ಟೆ. ಯಾರು ತಡ ಆಗಿ ಬಂದ್ರು, ಯಾಕ ಬಂದ್ರು ಅಂತ ಒಂದು ತಿಂಗಳು ಬರದೆ. ನೋಡಿದ್ರ ದಿನಾ ಅವೇ ಹೆಸರು, ದಿನಾ ಅದೇ ಕಾರಣ. ಅಂಗನವಾಡಿ ಬಾಗಿಲು ತೆಗಿಯೋದು ಹತ್ತಕ್ಕ, ನಮ್ಮ ಪ್ರೇಯರೂ ಹತ್ತಕ್ಕ. ತಮ್ಮನ್ನ ಅಲ್ಲಿ ಬಿಟ್ಟು ಇಲ್ಲಿ ಬರಬೇಕು ಆ ಹುಡುಗಿ. ಒಂದ ಹೊತ್ತಿಗೆ ಎರಡು ಕಡೆ ಹೆಂಗ ಇರ್ತಾಳ? ಅಂಗನವಾಡಿ ಟೀಚರಮ್ಮಗ ಹೇಳಿ ನಾಟಿ ಮುಗಿಯೋತನ ಅರ್ಧ ತಾಸು ಮೊದಲ ತಗಸಿದೆ. ಮುಗೀತು. ಅದೇನು ದೊಡ್ಡ ವಿದ್ಯೆ ಅಲ್ಲ."

ಅವರಿಗೆ ಅದು ದೊಡ್ಡ ವಿದ್ಯೆ ಅಲ್ಲ. ನನಗೆ ಮಾತ್ರ ಇವತ್ತಿಗೂ ಅದೇ ದೊಡ್ಡದು ಅನ್ನಿಸುತ್ತೆ. ಆ ಹುಡುಗಿಗೆ ಶಿಸ್ತು ಇರಲಿಲ್ಲ ಅಂತಲ್ಲ. ತಮ್ಮನನ್ನು ಒಬ್ಬನೇ ಬಿಟ್ಟು ಬರದಷ್ಟು ಶಿಸ್ತು ಇತ್ತು. ಎರಡು ಬಾಗಿಲುಗಳ ಟೈಮು ಹೊಂದುತ್ತಿರಲಿಲ್ಲ ಅಷ್ಟೇ.

ಹಾಗಂತ ಬೆತ್ತ ಹೋದಮೇಲೆ ಎಲ್ಲ ಸರಿಹೋಯಿತೇ ಅಂದ್ರೆ, ಇಲ್ಲ. ಬೆತ್ತದ ಜಾಗಕ್ಕೆ ಬೇರೆ ಬೇರೆ ವಸ್ತುಗಳು ಬಂದಿವೆ. ಹೊಸಪೇಟೆಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು ಓದುತ್ತಿರುವ ನಮ್ಮಕ್ಕನ ಮಗಳ ಡೈರಿ ತಿರುವಿ ಹಾಕಿದೆ. ಮೊದಲ ಪುಟಗಳಲ್ಲೇ ನಿಯಮಗಳು, ಒಟ್ಟು 26. ಅದರಲ್ಲಿ 21 'ಕೂಡದು' ಅಂತ ಮುಗಿಯುತ್ತವೆ. ಬಳೆ ಕೂಡದು, ಮೆಹಂದಿ ಕೂಡದು, ರಿಬ್ಬನ್ ಬೇರೆ ಬಣ್ಣದ್ದಿರಕೂಡದು, ಕಾರಿಡಾರಿನಲ್ಲಿ ಓಡಕೂಡದು. ಐದು ನಿಮಿಷ ತಡವಾದರೆ ಗೇಟು ಬಂದ್, ಅಪ್ಪ ಅಮ್ಮ ಬಂದು ಸಹಿ ಹಾಕಬೇಕು. ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು, ಆಡಿದರೆ ದಂಡ. ಕ್ಯಾಂಬೆಲ್ಲನ ಕಾಲದಲ್ಲಿ ಇಡೀ ಜಿಲ್ಲೆಗೆ ಒಂದೇ ಒಂದು ಇಂಗ್ಲಿಷ್ ಶಾಲೆ ಇತ್ತು ಅಂದೆನಲ್ಲ, ಈಗ ಅದೇ ನೆಲದಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ! "ಬಿದ್ದಾಗ ಅವ್ವಾ ಅಂದ್ರೂ ಫೈನ್ ಏನೇ?" ಅಂತ ಕೇಳಿದೆ. "ಮಾಮಾ, ಮಾನಿಟರ್ ಕೇಳಿಸ್ಕೊಂಡ್ರೆ ಮಾತ್ರ" ಅಂದಳು.

ಸರ್ಕಾರಿ ಶಾಲೆಗಳಲ್ಲಿ ಇನ್ನೊಂದು ಬಗೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೆಲ್ಲ ಓದಿರ್ತೀರಿ. ಪ್ರಾಂಶುಪಾಲರು ಸಸ್ಪೆಂಡ್ ಆದರು, ಮಕ್ಕಳಿಂದ ಶೌಚಾಲಯ ತೊಳೆಸಬಾರದು ಅಂತ ಸರ್ಕಾರ ಮತ್ತೆ ಹೇಳಬೇಕಾಯಿತು. ಬೆತ್ತ ಹಿಡಿಯದೆಯೂ ಮಗುವನ್ನು ಎಷ್ಟು ಕೆಳಕ್ಕೆ ಇಳಿಸಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. 17ನೇ ಸೆಕ್ಷನ್ನಿನಲ್ಲಿ 'ಮಾನಸಿಕ ಹಿಂಸೆ' ಅಂತ ಸೇರಿಸಿದವರು ಸುಮ್ಮನೆ ಸೇರಿಸಿಲ್ಲ.

ಹಾಗಾದ್ರೆ ನಿಯಮಗಳೇ ಬೇಡವಾ ಅಂತ ನೀವು ಕೇಳಬಹುದು. ಖಂಡಿತ ಬೇಕು. ಆರರಿಂದ ಎಂಟನೇ ಕ್ಲಾಸು ಅಂದ್ರೆ ಧ್ವನಿ ಒಡೆಯುವ, ಮೀಸೆ ಚಿಗುರುವ ವಯಸ್ಸು. ಚಿಕ್ಕವನ ತಿಂಡಿ ಕಿತ್ತುಕೊಳ್ಳೋರು ಇರ್ತಾರೆ. ಜಾತಿ ಎತ್ತಿ ಅಡ್ಡಹೆಸರು ಇಡೋರು ಇರ್ತಾರೆ. ಹುಡುಗಿಯರ ಬೆಂಚಿನ ಹಿಂದೆ ಕೂತು ಜಡೆ ಎಳೆಯೋರು ಇರ್ತಾರೆ. ಇವಕ್ಕೆಲ್ಲ ಗಟ್ಟಿ ನಿಯಮ ಇರಲೇಬೇಕು. ಆದರೆ ಅಕ್ಕನ ಮಗಳ ಡೈರಿಯ 26 ನಿಯಮಗಳಲ್ಲಿ ಇಂಥದ್ದು ಎಷ್ಟಿದೆ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ. ಜಡೆಯ ರಿಬ್ಬನ್ನಿಗೆ ನಿಯಮ ಇದೆ, ಜಡೆ ಎಳೆದವನಿಗೆ ಇಲ್ಲ.

ನನ್ನ ಲೆಕ್ಕದಲ್ಲಿ ಯಾವುದೇ ನಿಯಮಕ್ಕೆ ಮೂರು ಪ್ರಶ್ನೆ ಕೇಳಿದರೆ ಸಾಕು. ಒಂದು, ಇದನ್ನು ತರಗತಿಯ ಎಲ್ಲ ಮಕ್ಕಳೂ ಒಟ್ಟಿಗೇ ಪಾಲಿಸೋಕೆ ಆಗುತ್ತಾ? ಅಂಗೈ ಮೇಲೆ ಸರಸ್ವತಿ ಬರೆಯುವ ನಿಯಮ ಇಲ್ಲೇ ಬಿದ್ದುಹೋಗುತ್ತೆ. ಎರಡು, ಇದನ್ನು ಮುರಿದು ಸಿಕ್ಕಿಬೀಳೋರು ಯಾರು? ದಿನಾ ಅವೇ ಹೆಸರು ಬರ್ತಿದ್ರೆ ತಪ್ಪು ಆ ಹೆಸರುಗಳಲ್ಲಿಲ್ಲ, ಬೇರೆಲ್ಲೋ ಇದೆ, ಹುಡುಕಬೇಕು. ಮೂರು, ಇದು ದೊಡ್ಡವರಿಗೂ ಅನ್ವಯ ಆಗುತ್ತಾ? ಮೇಷ್ಟ್ರು ತಡವಾಗಿ ಬಂದರೆ ಮರದ ಕೆಳಗೆ ಯಾರು ನಿಲ್ತಾರೆ?

ಈ ಪ್ರಶ್ನೆಗಳನ್ನು ಮಕ್ಕಳೇ ಕೇಳಲಿಕ್ಕೆ ನಮ್ಮಲ್ಲಿ ಜಾಗ ಇಲ್ಲ ಅಂತೇನಿಲ್ಲ. 2006ರಿಂದ ಮಕ್ಕಳ ಗ್ರಾಮಸಭೆ ಇದೆ. ಶಾಲಾ ಸಂಸತ್ತು ಇದೆ, ಅದರಲ್ಲಿ ಪ್ರಧಾನಿಯಿಂದ ಹಿಡಿದು ಸ್ವಚ್ಛತಾ ಮಂತ್ರಿಯ ತನಕ ಎಲ್ಲರೂ ಇರ್ತಾರೆ. ಆದರೆ ಬಹಳ ಕಡೆ ಆ ಮಂತ್ರಿಗಳ ಕೆಲಸ ಕಪ್ಪು ಹಲಗೆಯ ಮೂಲೆಯಲ್ಲಿ 'ಮಾತಾಡಿದವರು' ಅಂತ ಹೆಸರು ಬರೆಯೋದು ಅಷ್ಟೇ. ನಮ್ಮೆಲ್ಲರ ಹೆಸರೂ ಒಂದಲ್ಲ ಒಂದು ದಿನ ಆ ಮೂಲೆಯಲ್ಲಿ ಇದ್ದದ್ದೇ ತಾನೆ? ಎಸ್‌ಡಿಎಂಸಿ ಮೀಟಿಂಗುಗಳಲ್ಲಿ ಕಾಂಪೌಂಡು, ನೀರಿನ ಟ್ಯಾಂಕಿನ ಮಾತು ಮುಗಿದ ಮೇಲೆ ಒಂದು ಹತ್ತು ನಿಮಿಷ ಈ ತಿಂಗಳು ಯಾರು ತಡವಾಗಿ ಬಂದರು, ಯಾಕೆ ಬಂದರು ಅಂತ ಮಾವನ ನೋಟ್‌ಬುಕ್ಕಿನ ಥರದ್ದೊಂದು ಓದಿದರೆ ಅದಕ್ಕೆ ನಯಾಪೈಸೆ ಖರ್ಚಿಲ್ಲ.

ಕೊನೆಗೆ ಕ್ಯಾಂಬೆಲ್ಲನ ಇನ್ನೊಂದು ಲೆಕ್ಕ ಹೇಳಿಬಿಡ್ತೀನಿ. 1823ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವಿರ ಜನರಿಗೆ ಏಳು ಮಂದಿ ಮಾತ್ರ ಶಾಲೆಯಲ್ಲಿ ಓದುತ್ತಿದ್ದರು. ಬಡತನ ಹೆಚ್ಚಿ ಶಾಲೆಗಳು ಕರಗುತ್ತಿವೆ ಅಂತ ಅವನೇ ಬರೆದಿದ್ದಾನೆ. ಆ ಏಳು ಮಂದಿಯನ್ನು ಓಡಿಸಿ, ಗೆದ್ದವನಿಗೆ ಸರಸ್ವತಿ, ಸೋತವನಿಗೆ ಏಟು ಅನ್ನೋ ನಿಯಮ ಆ ಕಾಲದ ಶಾಲೆಗೆ ಹೊಂದುತ್ತಿತ್ತೋ ಏನೋ. ಉಳಿದವರು ಓಟಕ್ಕೇ ಬಂದಿರಲಿಲ್ಲ. ಅವರಿಗೆ ಏಟೂ ಇಲ್ಲ, ಸರಸ್ವತಿಯೂ ಇಲ್ಲ. ಈಗ ಹೊಸಪೇಟೆ, ಹಂಪಿ 2021ರಲ್ಲಾದ ವಿಜಯನಗರ ಜಿಲ್ಲೆಯಲ್ಲಿವೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಇವೆ. ಎರಡೂ ಜಿಲ್ಲೆಗಳಲ್ಲಿ ಆರರಿಂದ ಹದಿನಾಲ್ಕರ ಪ್ರತಿಯೊಂದು ಮಗುವೂ ಶಾಲೆಯಲ್ಲಿರಬೇಕು ಅಂತ ಕಾನೂನು ಹೇಳುತ್ತೆ. ತಾಂಡಾದವನು, ಗದ್ದೆಯವಳು, ಬಾಳೆಹಣ್ಣಿನ ಬುಟ್ಟಿಯವನು, ಎಲ್ಲರೂ. ಎಲ್ಲರನ್ನೂ ಒಳಗೆ ಕರೆದಮೇಲೆ ಕೊನೆಗೆ ಬಂದವನಿಗೆ ಹೊಡೆಯೋದು ಅಂದ್ರೆ, ಕರೆದದ್ದೇ ಸುಳ್ಳು ಅಂದ ಹಾಗೆ.

ನಿಮ್ಮ ಶಾಲೆಯ ನಿಯಮಗಳು ಹೇಗಿದ್ದವು? ಮಂಗಳೂರು, ಧಾರವಾಡ, ಕಾಸರಗೋಡು, ಎಲ್ಲಿಯವರಾದರೂ ಸರಿ, ನೆನಪಿದ್ದರೆ ಬರೀರಿ. ತಡವಾಗಿ ಬಂದವರನ್ನು ನಿಮ್ಮಲ್ಲಿ ಎಲ್ಲಿ ನಿಲ್ಲಿಸ್ತಿದ್ರು? ಅವರಲ್ಲಿ ಆಮೇಲೆ ಬರೋದೇ ಬಿಟ್ಟವರು ಯಾರು? ಅವರ ಹೆಸರು ನಿಮಗಿನ್ನೂ ನೆನಪಿದೆಯಾ?